ಸತ್ಯಾಂಶ: ಒಂದು ಕೆಜಿಯೊಳಗಿನ ಗಾಂಜಾಕ್ಕೆ ಕೇಸ್ ಇಲ್ವಾ?

"ಒಂದು ಕೆಜಿಗಿಂತ ಕಡಿಮೆ ಗಾಂಜಾ ಇದ್ರೆ ಕೇಸ್ ಹಾಕುವಂತಿಲ್ಲ, ಗೆಜೆಟೆಡ್ ಅಧಿಕಾರಿ ಬರದೆ ಪೊಲೀಸರು ಬ್ಯಾಗ್ ಮುಟ್ಟುವಂತಿಲ್ಲ." ಕಲಬುರಗಿ, ಬೀದರ್ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಮಾತಿದು. ಎರಡೂ ತಪ್ಪು. ಕಾಲೇಜು ಹುಡುಗರು ಇದನ್ನು ನಂಬಿಬಿಡ್ತಾರೆ ಅನ್ನೋದೇ ಚಿಂತೆ.

1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ (ಮಾದಕ ವಸ್ತು ತಡೆಯುವ ಕಾನೂನು) ಒಂದು ಕೆಜಿವರೆಗಿನ ಗಾಂಜಾ 'ಸಣ್ಣ ಪ್ರಮಾಣ'. ಅಂದರೆ ಶಿಕ್ಷೆ ಕಡಿಮೆ, ಅಷ್ಟೇ: ಒಂದು ವರ್ಷದವರೆಗೆ ಕಠಿಣ ಜೈಲು, ಇಲ್ಲವೇ 10,000 ರೂ.ವರೆಗೆ ದಂಡ, ಅಥವಾ ಎರಡೂ. 20 ಕೆಜಿ ದಾಟಿದರೆ ಕನಿಷ್ಠ ಶಿಕ್ಷೆಯೇ 10 ವರ್ಷ. ತೊಗರಿ ಸಾಲಿನ ಮಧ್ಯೆ ಗಿಡ ಬೆಳೆಸಿದರಂತೂ ತೂಕದ ಮಾತೇ ಬರಲ್ಲ. ಬೆಳೆಸಿದ್ದಕ್ಕೇ 10 ವರ್ಷದವರೆಗೆ ಜೈಲು.

ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ತಪಾಸಣೆ ಆಗಲಿ ಎಂದು ಕೇಳುವ ಹಕ್ಕು ಸೆಕ್ಷನ್ 50ರಲ್ಲಿ ಇರುವುದು ನಿಜ. ಪೊಲೀಸರು ಅದನ್ನು ಮೊದಲೇ ತಿಳಿಸಬೇಕು. ಆದರೆ ಅದು ಮೈ ತಪಾಸಣೆಗೆ ಮಾತ್ರ, ಕೈಯಲ್ಲಿರುವ ಬ್ಯಾಗಿಗಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಮಾಲು ಸಿಕ್ಕ ಮೇಲೆ ಪೊಲೀಸರಿಗೆ ಕೆಲಸ ಜಾಸ್ತಿ. ಪಂಚರ (ಸ್ಥಳದಲ್ಲಿರುವ ಸಾಕ್ಷಿಗಳ) ಮುಂದೆ ತೂಗಿ ಸೀಲ್ ಹಾಕಬೇಕು. ಆಮೇಲೆ ಮ್ಯಾಜಿಸ್ಟ್ರೇಟ್ ಎದುರು ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಬೇಕು. ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಹೂವು, ಕಾಯಿ ಇರುವ ತುದಿ. ಬರೀ ಎಲೆ, ಬೀಜ ಲೆಕ್ಕಕ್ಕಿಲ್ಲ. ಗಿಡವನ್ನು ಬುಡಸಮೇತ ತೂಗಿ ಸುಮ್ನೆ ಬರೆದುಕೊಂಡರೆ ಕೋರ್ಟಿನಲ್ಲಿ ವಕೀಲರು ಅದನ್ನೇ ಹಿಡಿಯುತ್ತಾರೆ.

ಚಟಕ್ಕೆ ಬಿದ್ದವರು ತಾವಾಗಿಯೇ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಸೇವನೆ, ಸಣ್ಣ ಪ್ರಮಾಣದ ಕೇಸುಗಳಲ್ಲಿ ಸೆಕ್ಷನ್ 64ಎ ರಕ್ಷಣೆ ಕೊಡುತ್ತದೆ. ಉಚಿತ ಸಹಾಯವಾಣಿ 14446.