ಚಾವಣಿ ಇಲ್ಲದ ಕಾರನ್ನು ಟ್ರ್ಯಾಕಿಗೆ ಒಯ್ಯುವ ಮುನ್ನ

ಬೆಳಗಾವಿಯಲ್ಲಿ ಚಾವಣಿ ಮಡಚುವ ಸ್ಪೋರ್ಟ್ಸ್ ಕಾರುಗಳು ಈಗ ಅಲ್ಲೊಂದು ಇಲ್ಲೊಂದು ಕಾಣಿಸುತ್ತಿವೆ. ರವಿವಾರ ಬೆಳಿಗ್ಗೆ ಚೋರ್ಲಾ ಘಾಟಿಗೋ ಆಂಬೋಲಿಗೋ ಹೊರಡುವ ಅವುಗಳ ಒಡೆಯರಲ್ಲಿ ಕೆಲವರಿಗೆ, ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗಿ ಹವ್ಯಾಸಿಗಳಿಗೆ ಟ್ರ್ಯಾಕ್ ಬಿಟ್ಟುಕೊಡುವ ದಿನವಾದ ಟ್ರ್ಯಾಕ್ ಡೇಯಲ್ಲಿ ತಮ್ಮ ಕಾರನ್ನು ಮನಸಾರೆ ಓಡಿಸಬೇಕೆಂಬ ಆಸೆ ಹುಟ್ಟಿದೆ. ಆಸೆ ಒಳ್ಳೆಯದೇ. ವೇಗದ ಹುಚ್ಚನ್ನು ಘಾಟಿಯ ತಿರುವಿನಲ್ಲಿ ತೀರಿಸಿಕೊಳ್ಳುವುದಕ್ಕಿಂತ, ಎದುರಿನಿಂದ ಲಾರಿ ಬಾರದ ಜಾಗದಲ್ಲಿ ತೀರಿಸಿಕೊಳ್ಳುವುದು ಎಲ್ಲರಿಗೂ ಕ್ಷೇಮ. ಆದರೆ ತಯಾರಿಯ ಮಾತು ಬಂದಾಗ ಮೊದಲ ಹಣ ಸೈಲೆನ್ಸರಿಗೆ, ಎರಡನೆಯದು ಶಕ್ತಿ ಹೆಚ್ಚಿಸಲು ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸುವ ರಿಮ್ಯಾಪಿಗೆ, ಮೂರನೆಯದು ಅಲಾಯ್ ಚಕ್ರಗಳಿಗೆ ಹೋಗುತ್ತದೆ. ತಲೆಯ ಮೇಲೆ ಏನೂ ಇಲ್ಲವೆಂಬ ಸಂಗತಿ ಕೊನೆಯವರೆಗೂ ಯಾರ ನೆನಪಿಗೂ ಬರುವುದಿಲ್ಲ. ಈ ಕ್ರಮವೇ ತಲೆಕೆಳಗು ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಚ್ಚಿದ ಕಾರಿನಲ್ಲಿ ಚಾವಣಿಯೂ ಕಂಬಗಳೂ ಎರಡು ಕೆಲಸ ಮಾಡುತ್ತವೆ: ಕಾರು ಮಗುಚಿದಾಗ ಒಳಗಿನವರ ತಲೆಯನ್ನು ಕಾಯುತ್ತವೆ, ತಿರುವಿನಲ್ಲಿ ಇಡೀ ದೇಹ ತಿರುಚದಂತೆ ಹಿಡಿದಿಡುತ್ತವೆ. ಕುಂದಾ ತಂದ ರಟ್ಟಿನ ಪೆಟ್ಟಿಗೆಯ ಮುಚ್ಚಳ ತೆಗೆದು ಅದರ ಎರಡೂ ತುದಿಗಳನ್ನು ಹಿಡಿದು ತಿರುಚಿದರೆ ಎರಡನೆಯ ಕೆಲಸ ಎಷ್ಟು ದೊಡ್ಡದೆಂದು ಕೈಗೇ ತಿಳಿಯುತ್ತದೆ. ತಯಾರಕರು ಬಾಗಿಲ ಕೆಳಗಿನ ಪಟ್ಟಿಯನ್ನೂ ನೆಲವನ್ನೂ ಗಟ್ಟಿಗೊಳಿಸಿ ಇದನ್ನು ಬಹುಮಟ್ಟಿಗೆ ಸರಿದೂಗಿಸಿರುತ್ತಾರೆ. ಆದರೂ ದೇಹ ಬಾಗುವ ಕಾರಿಗೆ ತೀರಾ ಬಿಗಿಯಾದ ಸ್ಪ್ರಿಂಗ್ ಹಾಕಿದರೆ ಸಸ್ಪೆನ್ಶನ್ ಮಾಡಬೇಕಾದ ಕೆಲಸದ ಒಂದು ಪಾಲನ್ನು ದೇಹವೇ ಮಾಡತೊಡಗುತ್ತದೆ. ಆದ್ದರಿಂದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಾಯಿಲ್‌ಓವರ್ ಖರೀದಿಗೆ ಅವಸರ ಬೇಡ.

ತಲೆ ಕಾಯುವ ಮೊದಲ ಕೆಲಸವನ್ನು ಮಾಡಬೇಕಾದದ್ದು ರೋಲ್ ಬಾರ್, ಅಂದರೆ ಸೀಟಿನ ಹಿಂದೆ ನಿಲ್ಲುವ ಗಟ್ಟಿ ಪೈಪಿನ ಕಮಾನು. ಕೆಲವು ಕಾರುಗಳಲ್ಲಿ ಸೀಟಿನ ಹಿಂದೆ ಕಂಪನಿಯವರೇ ಕೊಟ್ಟ ಗಟ್ಟಿ ಕಮಾನುಗಳಿರುತ್ತವೆ, ಕೆಲವದರಲ್ಲಿ ಅಪಘಾತದ ಕ್ಷಣದಲ್ಲಿ ಮೇಲೇಳುವ ಕಮಾನುಗಳಿರುತ್ತವೆ, ಕೆಲವದರಲ್ಲಿ ಇರುವುದು ಬರೀ ಪ್ಲಾಸ್ಟಿಕ್ಕಿನ ಅಲಂಕಾರ. ಯಾವುದೇ ಇರಲಿ, ಹೆಲ್ಮೆಟ್ ಧರಿಸಿ, ಬೆಲ್ಟ್ ಬಿಗಿದು ಕುಳಿತು, ಹಿಂದಿನ ಕಮಾನಿನ ತುದಿಯಿಂದ ಮುಂದಿನ ಗಾಜಿನ ಚೌಕಟ್ಟಿನ ತುದಿಗೆ ಒಂದು ನೇರ ಕೋಲನ್ನು ಇಡಿಸಿ ನೋಡಬೇಕು. ಹೆಲ್ಮೆಟ್ ಆ ಕೋಲಿಗಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಬೇಕು. ಎತ್ತರದವರು ಇದರಲ್ಲಿ ಹೆಚ್ಚಾಗಿ ನಪಾಸಾಗುತ್ತಾರೆ. ಅವರು ಸೀಟನ್ನು ತಗ್ಗಿಸಬೇಕು, ಇಲ್ಲವೇ ಎತ್ತರದ ಬಾರ್ ಹಾಕಿಸಬೇಕು. ಬಾರ್ ಇಲ್ಲದ ತೆರೆದ ಕಾರನ್ನು ಒಳಗೇ ಬಿಡದ ಆಯೋಜಕರೂ ಇರುವುದರಿಂದ ಹಣ ಕಟ್ಟುವ ಮೊದಲೇ ವಿಚಾರಿಸುವುದು ಜಾಣತನ.

ಇಲ್ಲಿ ನಮ್ಮ ಉದ್ಯಮಬಾಗದ ಮಾತು ಬರಲೇಬೇಕು. ಫೌಂಡ್ರಿ, ಲೇಥ್, ಸಿಎನ್‌ಸಿ ಎಲ್ಲವೂ ಒಂದೇ ಬಡಾವಣೆಯಲ್ಲಿ ಸಿಗುವ ಊರು ನಮ್ಮದು. ಹೈಡ್ರಾಲಿಕ್ ಬಿಡಿಭಾಗಗಳನ್ನು ಮೈಕ್ರಾನ್ ಲೆಕ್ಕದಲ್ಲಿ ತಯಾರಿಸುವ ಕೈಗಳಿಗೆ ಒಂದು ಪೈಪು ಬಾಗಿಸುವುದು ಕಷ್ಟವಲ್ಲ. ಆದರೆ ಗೇಟು, ಗ್ರಿಲ್ ಮಾಡುವ ಪೈಪಿನಲ್ಲಿ ರೋಲ್ ಬಾರ್ ಮಾಡಿಸಿ ಕ್ರೋಮ್ ಬಳಿಸಿದರೆ ಅದು ಫೋಟೋಕ್ಕೆ ಮಾತ್ರ ಸಾಕು. ಜಗತ್ತಿನ ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆಯಾದ ಎಫ್‌ಐಎಯ ನಿಯಮಾವಳಿಯ ಪ್ರಕಾರ ಮುಖ್ಯ ಕಮಾನಿಗೆ ಕೋಲ್ಡ್ ಡ್ರಾನ್ ಸೀಮ್‌ಲೆಸ್ (ಬಿಸಿ ಮಾಡದೆ ಎಳೆದು ಮಾಡಿದ, ಉದ್ದಕ್ಕೂ ಬೆಸುಗೆ ಇಲ್ಲದ) ಇಂಗಾಲದ ಉಕ್ಕಿನ ಪೈಪೇ ಆಗಬೇಕು, ಅದರ ಎಳೆತದ ಬಲ ಪ್ರತಿ ಚದರ ಮಿಲಿಮೀಟರಿಗೆ 350 ನ್ಯೂಟನ್‌ಗಿಂತ ಕಡಿಮೆ ಇರಬಾರದು, ಅಳತೆ 45 ಮಿಲಿಮೀಟರ್ ವ್ಯಾಸಕ್ಕೆ 2.5 ಮಿಲಿಮೀಟರ್ ದಪ್ಪ ಅಥವಾ 50ಕ್ಕೆ 2 ಇರಬೇಕು. ಪಾದದ ಕೆಳಗೆ ಕನಿಷ್ಠ 3 ಮಿಲಿಮೀಟರ್ ದಪ್ಪದ, 120 ಚದರ ಸೆಂಟಿಮೀಟರ್ ವಿಸ್ತಾರದ ತಗಡನ್ನು ಕೂಡಿಸದಿದ್ದರೆ ಮಗುಚಿದಾಗ ಬಾರ್ ನೆಲವನ್ನೇ ಸೀಳಿಕೊಂಡು ಹೊರಬರಬಹುದು. ಈ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಪೈಪಿನ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಸರ್ಟಿಫಿಕೇಟ್ ಯಾಕೆ ಬೇಕೆಂದು ನಗುವ ಅಂಗಡಿಯಿಂದ ಎದ್ದು ಬನ್ನಿ.

ಬಾರ್ ಇಲ್ಲದೆ ನಾಲ್ಕು ಅಥವಾ ಆರು ಬಿಂದುಗಳಲ್ಲಿ ಬಿಗಿಯುವ ರೇಸ್ ಬೆಲ್ಟ್ (ಹಾರ್ನೆಸ್) ಮಾತ್ರ ಹಾಕಿಸುವುದನ್ನು ನಾನು ಎಂದಿಗೂ ಒಪ್ಪುವುದಿಲ್ಲ. ಹಾರ್ನೆಸ್ ಮೈಯನ್ನು ನೆಟ್ಟಗೆ ಕಟ್ಟಿಹಾಕುತ್ತದೆ. ಕಾರು ಮಗುಚಿದರೆ ನೆಲಕ್ಕೆ ತಾಗುವ ಅತಿ ಎತ್ತರದ ವಸ್ತು ಚಾಲಕನ ತಲೆಯೇ ಆಗುತ್ತದೆ. ಹೆಲ್ಮೆಟ್ಟಿನ ವಿಷಯದಲ್ಲೂ ಬೈಕಿನದೇ ನಡೆಯುತ್ತದೆ ಎಂಬ ವಾದ ಸರಿಯಲ್ಲ. ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆಯು ಕಾರು ರೇಸಿಗೆಂದು ಕೊಡುವ ಎಸ್‌ಎ ದರ್ಜೆಯ ಹೆಲ್ಮೆಟ್ಟಿಗೆ ಬೆಂಕಿ ತಡೆಯುವ ಒಳಪದರವಿರುತ್ತದೆ, ರೋಲ್ ಬಾರಿಗೆ ಬಡಿದರೆ ಏನಾಗುತ್ತದೆಂಬ ಪರೀಕ್ಷೆಯೂ ಅದಕ್ಕೆ ಆಗಿರುತ್ತದೆ.

ಎರಡನೆಯ ಹಣ ಬ್ರೇಕಿಗೆ. ಒಂದೂವರೆ ಟನ್ ತೂಕದ ಕಾರನ್ನು ಗಂಟೆಗೆ 160 ಕಿಲೋಮೀಟರ್ ವೇಗದಿಂದ 80ಕ್ಕೆ ಇಳಿಸಿದರೆ ವೇಗ ಅರ್ಧವಾಗುತ್ತದೆ, ಆದರೆ ಶಕ್ತಿಯ ಮುಕ್ಕಾಲು ಪಾಲು, ಅಂದರೆ ಸುಮಾರು 11 ಲಕ್ಷ ಜೂಲ್, ಬಿಸಿಯಾಗಿ ಡಿಸ್ಕುಗಳಿಗೆ ಇಳಿಯುತ್ತದೆ. ಅಷ್ಟು ಬಿಸಿಗೆ ಮೂರೂವರೆ ಲೀಟರ್ ತಣ್ಣೀರು ಕುದಿಯತೊಡಗುತ್ತದೆ. ಇದು ಒಂದು ತಿರುವಿನ ಲೆಕ್ಕ. ಟ್ರ್ಯಾಕಿನಲ್ಲಿ ಪ್ರತಿ ಸುತ್ತಿನಲ್ಲಿಯೂ ಇಂಥ ತಿರುವುಗಳು ಹಲವಾರು. ಬಿಸಿಯು ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರನ್ನು ದಾಟಿ ಬ್ರೇಕ್ ಆಯಿಲ್‌ಗೆ ಮುಟ್ಟಿ ಅದು ಕುದಿದರೆ ಗುಳ್ಳೆಗಳೇಳುತ್ತವೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್‌ನ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ. ತೇವ ಹೀರಿದ ಆಯಿಲ್‌ಗೆ ಅದು 155ಕ್ಕೆ ಕುಸಿಯಬಹುದು. ಅದು ಗಾಳಿಯ ತೇವವನ್ನು ತಾನಾಗಿ ಎಳೆದುಕೊಳ್ಳುವ ದ್ರವ, ನಮ್ಮದೋ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ ಊರು. ಖಂಡೇನವಮಿಗೆ ಹೇಗೂ ಕಾರು ತೊಳೆದು ಪೂಜೆ ಮಾಡುತ್ತೀರಿ. ಅದೇ ವಾರ ಹಳೆಯ ಆಯಿಲ್ ಪೂರ್ತಿ ತೆಗೆಸಿ, ಸೀಲು ಒಡೆಯದ ಹೊಸ ಡಬ್ಬಿಯಿಂದ ತುಂಬಿಸಿ, ನಾಲ್ಕೂ ಚಕ್ರಗಳ ಬ್ರೇಕಿನೊಳಗಿನ ಗಾಳಿ ತೆಗೆಸಿದರೆ ಮಳೆಗಾಲದ ನಂತರದ ಟ್ರ್ಯಾಕ್ ಡೇಗೆ ಅರ್ಧ ತಯಾರಿ ಆದಂತೆ. ಜೊತೆಗೆ ಹೆಚ್ಚು ಬಿಸಿ ತಡೆಯುವ ಪ್ಯಾಡ್ ಬೇಕು. ಡಿಸ್ಕ್ ದೊಡ್ಡದು ಮಾಡಿಸುವುದು ಬಹುಪಾಲು ಹವ್ಯಾಸಿಗಳಿಗೆ ಅನಗತ್ಯ.

ಟೈರಿನ ಗಾಳಿಯ ಬಗ್ಗೆ ಒಂದೇ ಮಾತು: ತಣ್ಣಗಿದ್ದಾಗ 32 ಪಿಎಸ್‌ಐ ಇದ್ದದ್ದು ಟೈರಿನೊಳಗೆ 45 ಡಿಗ್ರಿ ಬಿಸಿ ಏರಿದರೆ ಸುಮಾರು 39 ಆಗುತ್ತದೆ. ಆದ್ದರಿಂದ ಒಂದು ಓಟ ಮುಗಿಸಿ ಬಂದ ಕೂಡಲೇ ಅಳೆದು ಇಳಿಸಬೇಕು. ಚಕ್ರದ ನಟ್ಟುಗಳನ್ನೂ ಆಗಲೇ ಟಾರ್ಕ್ ರೆಂಚಿನಿಂದ ನೋಡಬೇಕು.

ಕಾನೂನಿನ ಮಾತನ್ನು ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂಥ ಬದಲಾವಣೆಯನ್ನು ನಿಷೇಧಿಸುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಹಾಗಾಗಿ ಬೋಲ್ಟ್ ಬಿಚ್ಚಿ ತೆಗೆಯಬಹುದಾದ ಬಾರ್ ಆದರೂ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳುವುದು ಲೇಸು. ಒಳಗೆಲ್ಲ ಪೈಪಿನ ಪಂಜರ (ರೋಲ್ ಕೇಜ್) ಹಾಕಿಸಿದ ಕಾರನ್ನು ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಓಡಿಸುವುದಂತೂ ಬೇಡವೇ ಬೇಡ, ಸಣ್ಣ ಡಿಕ್ಕಿಯಲ್ಲಿಯೂ ತಲೆ ಪೈಪಿಗೆ ಬಡಿಯುತ್ತದೆ. ಸಾಮಾನ್ಯ ಕಾರು ವಿಮೆ ರೇಸ್ ಮತ್ತು ವೇಗ ಪರೀಕ್ಷೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿರುತ್ತದೆ. ಟ್ರ್ಯಾಕಿನಲ್ಲಿ ಆದ ನಷ್ಟ ಪೂರ್ತಿ ನಿಮ್ಮದೇ ಎಂದು ತಿಳಿದೇ ಹೊರಡಬೇಕು.

ಎಂಜಿನ್ನಿಗೆ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿಸಿದರೆ ಮೊದಲ ವರ್ಷಕ್ಕೆ ಸಾಕು. ಶಕ್ತಿ ಹೆಚ್ಚಿಸುವ ಹಣ ಉಳಿದರೆ ಕೊಲ್ಲಾಪುರದ ಗೋ-ಕಾರ್ಟ್ ಟ್ರ್ಯಾಕಿನಲ್ಲಿ ಖರ್ಚು ಮಾಡಿ. ಎರಡು ತಾಸಿನ ದಾರಿ, ತಿರುವಿನಲ್ಲಿ ಎಲ್ಲಿ ಬ್ರೇಕ್ ಬಿಡಬೇಕೆಂಬುದನ್ನು ಅಗ್ಗದಲ್ಲಿ ಕಲಿಯಬಹುದು. ಇರುಂಗಾಟ್ಟುಕೋಟ್ಟೈ ನಮಗೆ ಸುಮಾರು 800 ಕಿಲೋಮೀಟರ್ ದೂರ. ಕಾರನ್ನು ಲಾರಿಯ ಮೇಲೆ ಹೇರಿಸದೆ ಓಡಿಸಿಕೊಂಡೇ ಹೋಗುವವರು, ಮನೆಗೆ ಮರಳುವ ದಾರಿಗೆಂದು ರಸ್ತೆಯ ಬ್ರೇಕ್ ಪ್ಯಾಡುಗಳ ಒಂದು ಸೆಟ್ಟನ್ನೂ ಅದನ್ನು ಬದಲಿಸುವ ಪಾನಾಗಳನ್ನೂ ಡಿಕ್ಕಿಯಲ್ಲಿ ಇಟ್ಟುಕೊಂಡು ಹೋಗಬೇಕು.