‘ಕಣ್ಣಿಗೆ ಕಣ್ಣು’ ಎಲ್ಲರಿಗೂ ಒಂದೇ ಆಗಿರಲಿಲ್ಲ

“ಹಮ್ಮುರಾಬಿಯ ಬ್ಯಾಬಿಲೋನಿನಲ್ಲಿ ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು. ಬಡವ–ಬಲ್ಲಿದ ಭೇದವಿಲ್ಲ. ಅದೇ ಜಗತ್ತಿನ ಮೊದಲ ಕಾನೂನು” ಎಂಬ ಸಂದೇಶ ಹರಿದಾಡುತ್ತಿದೆ. ಹಮ್ಮುರಾಬಿ ಎಂದರೆ ಸುಮಾರು 3,750 ವರ್ಷ ಹಿಂದೆ, ಇಂದಿನ ಇರಾಕ್‌ನಲ್ಲಿದ್ದ ಬ್ಯಾಬಿಲೋನಿನ ರಾಜ. ಇದರಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು ಸಣ್ಣದು. ಹಮ್ಮುರಾಬಿಗಿಂತ ಸುಮಾರು 300 ವರ್ಷ ಹಿಂದೆಯೇ ಉರ್ ನಗರದಲ್ಲಿ ಉರ್-ನಮ್ಮು ಎಂಬ ರಾಜನ ಕಟ್ಟಳೆಗಳಿದ್ದವು. ಅಲ್ಲಿ ಕಣ್ಣು ಕಿತ್ತವನಿಗೆ ಶಿಕ್ಷೆ ಬೆಳ್ಳಿಯ ದಂಡ. ಅಂದರೆ ಹಳೆಯ ಕಾನೂನೇ ಹೆಚ್ಚು ಮೃದು!

ಎರಡನೆಯದು ದೊಡ್ಡದು. 1901ರಲ್ಲಿ ಇರಾನಿನ ಸೂಸಾದಲ್ಲಿ ಸಿಕ್ಕ, ಈಗ ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ, ಹಮ್ಮುರಾಬಿಯ ಕಾನೂನು ಕೆತ್ತಿದ ಕಲ್ಲುಕಂಬವನ್ನೇ ನೋಡಿ. ಮೇಲ್ವರ್ಗದವನ ಕಣ್ಣು ತೆಗೆದರೆ ತೆಗೆದವನ ಕಣ್ಣು ಹೋಗುತ್ತದೆ. ಸಾಮಾನ್ಯನ ಕಣ್ಣಿಗೆ ಒಂದು ಮಿನಾ ಬೆಳ್ಳಿ, ಅಂದರೆ ಸುಮಾರು ಅರ್ಧ ಕಿಲೋ. ಗುಲಾಮನ ಕಣ್ಣಿಗೆ ಅವನ ಬೆಲೆಯ ಅರ್ಧ. ಇದನ್ನು ಸಮಾನತೆ ಎನ್ನಲು ಗಟ್ಟಿ ಧೈರ್ಯ ಬೇಕು. ಕಟ್ಟಿದ ಮನೆ ಕುಸಿದು ಮಾಲೀಕನ ಮಗ ಸತ್ತರೆ ಕಟ್ಟಿದವನ ಮಗನನ್ನು ಕೊಲ್ಲಬೇಕಿತ್ತು. ಆ ಹುಡುಗ ಇಟ್ಟಿಗೆ ಮುಟ್ಟಿರದಿದ್ದರೂ. ಇಂದಿನ ಕ್ರಿಮಿನಲ್ ಕಾನೂನಿನಲ್ಲಿ ಅಪ್ಪನ ನಿರ್ಲಕ್ಷ್ಯಕ್ಕೆ ಮಗನಿಗೆ ಶಿಕ್ಷೆಯಿಲ್ಲ.

ಹಾಗೆಂದು ಆ ಶಾಸನವನ್ನು ಬರೀ ಕ್ರೌರ್ಯವೆನ್ನುವವರೂ ಅರ್ಧ ಓದಿದವರೇ. ಜಗಳದಲ್ಲಿ ಹೊಡೆದವನು “ಬೇಕೆಂದು ಹೊಡೆಯಲಿಲ್ಲ” ಎಂದು ಪ್ರಮಾಣ ಮಾಡಿದರೆ, ಗಾಯಗೊಂಡವನ ವೈದ್ಯನ ಖರ್ಚು ಕೊಟ್ಟರೆ ಸಾಕಿತ್ತು. ಉದ್ದೇಶವನ್ನು ತೂಗುವ ಕ್ರಮ ಅಲ್ಲೂ ಇತ್ತು.