ಒಂದೇ ಗಾಡಿ, ಎರಡು ಪಾರ್ಟಿ

1999ರಾಗ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ರೂ ಬಂದು ಬಳ್ಳಾರಿಯಾಗ ಎಲೆಕ್ಷನ್‌ಗೆ ನಿಂತಾಗ್ಲೂ ಊರು ಇಷ್ಟು ಖಡಕ್ಕಾಗಿ ಎರಡು ಹೋಳು ಆಗಿರ್ಲಿಲ್ಲ ನೋಡ್ರಿ. ಈಗ ಯಾವ ಮದ್ವಿಗೆ ಹೋಗ್ರಿ, ಯಾವ ತಿಥಿಗೆ ಹೋಗ್ರಿ, ಪಂಕ್ತಿಯಾಗ ಎಲಿ ಮುಂದೆ ಕೂತಿದ್ದೇ ತಡ ಪಕ್ಕದೋನು ಕೇಳೇ ಬಿಡ್ತಾನೆ, "ಅಣ್ಣಾ, ಕಾರು ಮಾರುತಿ ಗ್ರ್ಯಾಂಡ್ ವಿಟಾರಾ ತಗಳ್ಳೋದಾ, ಟೊಯೋಟಾ ಹೈರೈಡರ್ ತಗಳ್ಳೋದಾ?" ಅಲ್ಲಿಗೆ ಮುಗೀತು ಕತಿ. ಎದುರಿಗೆ ಕೂತೋರು ಒಂದು ಪಾರ್ಟಿ, ಈ ಕಡೆ ಕೂತೋರು ಇನ್ನೊಂದು ಪಾರ್ಟಿ, ಬಳ್ಳಾರಿ ಬಿಸಿಲಾಗೂ ಹೋಳಿಗಿ ಮ್ಯಾಲಿನ ತುಪ್ಪ ಗಟ್ಟಿ ಆಗೋವಷ್ಟು ಹೊತ್ತು ವಾದ ನಡೀತೈತೆ. ಬಡಿಸೋನೂ ಬಕೇಟು ಕೆಳಗಿಟ್ಟು ರೀಸೇಲ್ ವ್ಯಾಲ್ಯೂ ಬಗ್ಗೆ ಎರಡು ಮಾತು ಹೇಳಿ ಮುಂದಕ್ಕೆ ಹೋಗ್ತಾನೆ.

ಅವತ್ತು ನಿಂತಿದ್ದೋರು ಬೇರೆ ಬೇರೆ ಪಕ್ಷದೋರಾದ್ರೂ ಇದ್ರು. ಇವತ್ತಿನ ಈ ಎರಡು ಗಾಡಿ ಐತಲ್ಲ, ಎರಡೂ ತಯಾರಾಗೋದು ಒಂದೇ ಕಡೆ, ನಮ್ಮದೇ ರಾಜ್ಯದಾಗ, ಬಿಡದಿಯ ಟೊಯೋಟಾ ಫ್ಯಾಕ್ಟರಿಯಾಗ. 2022ರ ಜುಲೈನಾಗ ಮೊದ್ಲು ಒಂದರ ಮುಸುಕು ತೆಗೆದ್ರು, ಅದೇ ತಿಂಗಳು ಇನ್ನೊಂದರ ಮುಸುಕು ತೆಗೆದ್ರು. ಒಂದೇ ಮನಿಯಾಗ ಹುಟ್ಟಿದ ಅಕ್ಕ-ತಂಗಿ ಎರಡು ಮನಿಗೆ ಸೊಸಿಯಾಗಿ ಹೋದಂಗೆ, ಒಂದಕ್ಕೆ ಸುಜುಕಿಯ ಎಸ್ ಅಂತ ಲೋಗೋ ಬಡಿದು ಮಾರುತಿ ಶೋರೂಮಿಗೆ ಕಳಿಸ್ತಾರೆ, ಇನ್ನೊಂದಕ್ಕೆ ಟೊಯೋಟಾ ಲೋಗೋ ಬಡಿದು ಆ ಕಡೆ ಶೋರೂಮಿಗೆ ಕಳಿಸ್ತಾರೆ. ಚಕ್ರದಿಂದ ಚಕ್ರಕ್ಕೆ ಇರೋ ಅಂತರ ಎರಡಕ್ಕೂ 2600 ಮಿಲಿಮೀಟರ್, ಅಗಲ ಎರಡಕ್ಕೂ 1795, ಪೆಟ್ರೋಲ್ ಟ್ಯಾಂಕು ಎರಡಕ್ಕೂ 45 ಲೀಟರ್, ರೇಟೂ ಹೆಚ್ಚು ಕಮ್ಮಿ ಅಷ್ಟಕ್ಕಷ್ಟೇ.

ಬಿಡದಿ ಅಂದ್ರೆ ಬಳ್ಳಾರಿಯೋರಿಗೇನು ಹೊಸಾದಲ್ಲ ಬಿಡ್ರಿ. 2019ರ ಜನವರಿಯಾಗ ಆಗಿನ ಬಳ್ಳಾರಿ ಜಿಲ್ಲೆದ ಇಬ್ರು ಎಮ್ಮೆಲ್ಲೆಗಳು, ಇಬ್ರೂ ಒಂದೇ ಪಕ್ಷದೋರು, ಅದೇ ಬಿಡದಿ ರೆಸಾರ್ಟ್‌ನಾಗ ಗುದ್ದಾಡ್ಕೊಂಡು ಒಬ್ರು ಆಸ್ಪತ್ರಿ ಸೇರಿದ್ದು ರಾಜ್ಯಕ್ಕೆಲ್ಲ ಗೊತ್ತೈತೆ. ಒಂದೇ ಜಾಗದಾಗ, ಒಂದೇ ಚಿಹ್ನೆ ಕೆಳಗೆ ಇದ್ದೋರೇ ಹಂಗೆ ಹೊಡೆದಾಡಿದ ಮ್ಯಾಲೆ, ಚಿಹ್ನೆ ಬೇರೆ ಇರೋ ಗಾಡಿಗೆ ಜನ ಹೊಡೆದಾಡೋದ್ರಾಗ ತಪ್ಪೇನೈತೆ.

ಈಗ ನಮ್ಮ ಷಡ್ಡಕನ ವಿಷಯಕ್ಕೆ ಬರ್ತೀನಿ. ಕೌಲ್ ಬಜಾರಿನಾಗ ಜೀನ್ಸ್ ಹೊಲಿಸೋ ಸಣ್ಣ ಯೂನಿಟ್ ಐತೆ ಅವಂದು, ಮನುಷ್ಯ ಬಂಗಾರ, ಆದ್ರೆ ಗಾಡಿ ತಗಳ್ತೀನಿ ಅಂತ ಬಾಯಿ ಬಿಟ್ಟ ದಿನದಿಂದ ಅವನ ಮನಿ ವಿಧಾನಸೌಧ ಆಗೇತೆ. ದಿನಾ ಸಂಜೆ ಮಂಡಾಳು ಒಗ್ಗರಣೆ, ಮೆಣಸಿನಕಾಯಿ ತರಿಸ್ತಾನೆ, ಮಂದಿ ತಿಂತಾರೆ, ಅಭಿಪ್ರಾಯ ಹೇಳಿ ಹೋಗ್ತಾರೆ. "ಮಾರುತಿ ಅಂದ್ರೆ ಡಬ್ಬಿ, ಟೊಯೋಟಾ ಅಂದ್ರೆ ಕಬ್ಬಿಣ" ಅಂತ ಒಬ್ಬ. "ಟೊಯೋಟಾ ಸರ್ವೀಸಿಗೆ ಕೊಟ್ರೆ ಕಿಡ್ನಿ ಮಾರ್ಬೇಕು, ಮಾರುತಿ ಪಾರ್ಟು ಕಿರಾಣಿ ಅಂಗಡಿಯಾಗೂ ಸಿಗ್ತಾವೆ" ಅಂತ ಇನ್ನೊಬ್ಬ. ಒಂದೇ ಫ್ಯಾಕ್ಟರಿ, ಒಂದೇ ತಗಡು ಕಣಪ್ಪಾ ಅಂದ್ರೆ ಇಬ್ರೂ ಒಟ್ಟಿಗೆ ನನ್ನ ಮುಖ ನೋಡ್ತಾರೆ, ಆ ಒಂದು ಗಳಿಗಿಗೆ ಮಾತ್ರ ಅವರಿಬ್ರೂ ಒಂದೇ ಪಾರ್ಟಿ.

ಕಡೀಗೆ ಮೆಕ್ಯಾನಿಕ್ ಮಾಮನ್ನ ಕರ್ಕೊಂಬಂದ್ರು. ಮಾಮ ಚಾ ಕುಡ್ದು, ಕೈ ಒರೆಸ್ಕೊಂಡು ಹೇಳಿದ್ದು ಕೇಳಿ ಮನಿಯಾಗ ಪಿನ್ ಡ್ರಾಪ್ ಸೈಲೆಂಟು. "ಮೈಲ್ಡ್ ಹೈಬ್ರಿಡ್, ಅಂದ್ರೆ ಪೆಟ್ರೋಲ್ ಇಂಜಿನ್ನಿಗೆ ಬ್ಯಾಟರಿ ಸ್ವಲ್ಪ ಕೈ ಹಚ್ಚೋದು, ಅದನ್ನ ತಗೊಂಡ್ರೆ ಎರಡ್ರಾಗೂ ಸುಜುಕಿ ಇಂಜಿನ್ನು. ಸ್ಟ್ರಾಂಗ್ ಹೈಬ್ರಿಡ್, ಅಂದ್ರೆ ಬರೀ ಬ್ಯಾಟರಿ ಮ್ಯಾಲೂ ಸ್ವಲ್ಪ ದೂರ ಓಡೋದು, ಅದನ್ನ ತಗೊಂಡ್ರೆ ಎರಡ್ರಾಗೂ ಟೊಯೋಟಾ ಇಂಜಿನ್ನು. ಲೋಗೋ ನೋಡಿ ಜಗಳಾಡ್ಬ್ಯಾಡ್ರೀ, ಬಾನೆಟ್ ಎತ್ತಿ ಜಗಳಾಡ್ರಿ." ಅಂದ್ರೆ ಏನಾತು, ಟೊಯೋಟಾನೇ ಬೇಕು ಅಂತ ಹಠ ಹಿಡಿದು ಕಡಿಮಿ ರೇಟಿನ ಮೈಲ್ಡ್ ಹೈಬ್ರಿಡ್ ಹೈರೈಡರ್ ತಗೊಂಡೋನು ಸುಜುಕಿ ಇಂಜಿನ್ ಓಡಿಸ್ತಾನೆ, ಮಾರುತಿ ಬಿಟ್ರೆ ದೇವರಿಲ್ಲ ಅಂತ ಜಾಸ್ತಿ ರೇಟಿನ ಸ್ಟ್ರಾಂಗ್ ಹೈಬ್ರಿಡ್ ವಿಟಾರಾ ತಗೊಂಡೋನು ಟೊಯೋಟಾ ಇಂಜಿನ್ ಓಡಿಸ್ತಾನೆ. ಇಷ್ಟು ದೊಡ್ಡ ಪಕ್ಷಾಂತರ ಒಂದೂ ರಾಜೀನಾಮಿ ಇಲ್ದೇ, ಸ್ಪೀಕರ್ ನೋಟೀಸಿಲ್ದೇ ಬಾನೆಟ್ ಕೆಳಗೆ ನಡೆದು ಹೋಗೇತೆ, ಮಂದಿ ಮಾತ್ರ ಇನ್ನೂ ಬಾವುಟ ಹಿಡ್ಕೊಂಡು ನಿಂತಾರೆ.

ಇಷ್ಟಾದ ಮ್ಯಾಲೂ ನಮ್ಮ ಷಡ್ಡಕ ಸುಮ್ನಿರೋ ಪೈಕಿ ಅಲ್ಲ, ವ್ಯತ್ಯಾಸ ಹುಡುಕ್ಲೇಬೇಕು ಅಂತ ರಾತ್ರಿಯೆಲ್ಲ ಕೂತು ಹುಡುಕಿದ, ಸಿಕ್ಕೂ ಸಿಕ್ತು. ವಿಟಾರಾ ಉದ್ದ 4345 ಮಿಲಿಮೀಟರ್, ಹೈರೈಡರ್ ಉದ್ದ 4365. ಇಪ್ಪತ್ತು ಮಿಲಿಮೀಟರ್! "ನೋಡು, ಹೈರೈಡರ್ ದೊಡ್ಡ ಗಾಡಿ" ಅಂತ ಯೂನಿಟ್‌ನಿಂದ ಟೇಲರ್ ಟೇಪು ತಂದು ಟೀಪಾಯ್ ಮ್ಯಾಲೆ ಎರಡು ಸೆಂಟಿಮೀಟರ್ ಅಳೆದು ತೋರ್ಸಿದ. ಮುಂದಿನ ಬಂಪರಿನ ಡಿಸೈನ್ ಬದಲಾಯಿಸಿದ್ರೆ ಬರೋ ಅಂತರ ಅದು, ಒಳಗೆ ಕೂತೋರ ಮಣಕಾಲಿಗೆ ಒಂದು ಎಳೆ ಜಾಗಾನೂ ಸಿಗಂಗಿಲ್ಲ. ಆದ್ರೂ ಅತ್ತೆ, "ದೊಡ್ಡದೇ ತಗಳಪಾ, ನಾಲ್ಕು ಮಂದಿ ಕೂರೋದು" ಅಂದ್ರು.

ಟೇಪಿನ ವಿಷಯಕ್ಕೆ ನಮ್ಮ ಷಡ್ಡಕನ್ನೊಬ್ಬನ್ನೇ ಬೈಯೋದು ನ್ಯಾಯ ಅಲ್ಲ, ಸರ್ಕಾರದ ಕೈಯಾಗೂ ಒಂದು ಟೇಪ್ ಐತೆ. ಉದ್ದ 4 ಮೀಟರ್, ಪೆಟ್ರೋಲ್ ಇಂಜಿನ್ 1200 ಸಿಸಿ, ಇದರೊಳಗೆ ಇದ್ರೆ ಬಡವರ ಗಾಡಿ, ಜಿಎಸ್‌ಟಿ 18 ಪರ್ಸೆಂಟು. ಯಾವ್ದು ದಾಟಿದ್ರೂ ಸಾವ್ಕಾರ, 2025ರ ಸೆಪ್ಟೆಂಬರ್ 22ರಿಂದ 40 ಪರ್ಸೆಂಟು. ವಿಟಾರಾ ಆ ಗೆರಿ ದಾಟಿರೋದು 345 ಮಿಲಿಮೀಟರ್, ನಮ್ಮ ಅಜ್ಜಿ ಮಲ್ಲಿಗಿ ಅಳೆಯೋ ಮೊಳದಾಗ ಒಂದು ಮೊಳಾನೂ ಆಗಲ್ಲ. ಲೆಕ್ಕ ಸಲೀಸಾಗ್ಲಿ ಅಂತ ಶೋರೂಮ್ ರೇಟು 14 ಲಕ್ಷ ಹಿಡೀರಿ. ಅದ್ರಾಗ ಗಾಡಿದು 10 ಲಕ್ಷ, ಜಿಎಸ್‌ಟಿದು 4 ಲಕ್ಷ. ಇನ್ನು ಕರ್ನಾಟಕದ ಲೈಫ್ ಟ್ಯಾಕ್ಸು, 10 ಲಕ್ಷ ದಾಟಿದ್ರೆ 17 ಪರ್ಸೆಂಟು, ಅದೂ 10 ಲಕ್ಷದ ಮ್ಯಾಲಲ್ಲ, ಟ್ಯಾಕ್ಸ್ ಸೇರಿದ 14 ಲಕ್ಷದ ಮ್ಯಾಲೆ, 2 ಲಕ್ಷ 38 ಸಾವ್ರ, ಮತ್ತೆ ಅದ್ರ ಮ್ಯಾಲೊಂದು ಸೆಸ್ಸು. ಸೆಸ್ಸು ಬಿಟ್ಟೇ 6 ಲಕ್ಷ 38 ಸಾವ್ರ ಆತು. ಇದನ್ನ ನಾನು ಪೇಪರ್ ಮ್ಯಾಲೆ ಬರೆದು ತೋರ್ಸಿದೆ. ಷಡ್ಡಕ ನೋಡಿದ, ಹೂಂ ಅಂದ, ಆಮ್ಯಾಲೆ ಶೋರೂಮಿಗೆ ಫೋನ್ ಹಚ್ಚಿ ಕಾಲ್ಚಾಪಿ ಫ್ರೀ ಕೊಡಂಗಿಲ್ಲ ಅಂದ್ರೆ ಗಾಡೀನೇ ಬ್ಯಾಡ ಅಂತ ಅರ್ಧ ತಾಸು ಜಗಳಾಡಿದ.

ಇಷ್ಟು ರೊಕ್ಕ ಇಸ್ಕೊಂಡ ಮ್ಯಾಲೆ ರಸ್ತೆ ಹೆಂಗೈತೆ ಅಂತ ಕೇಳ್ಬ್ಯಾಡ್ರಿ. ಹೊಸಪೇಟಿ ಹೈವೇ ಅಗಲ ಮಾಡೋ ಕೆಲ್ಸ ಎಷ್ಟು ವರ್ಷ ಎಳೀತು ಅಂತ ಆ ಕಡೆ ದಿನಾ ಓಡಾಡಿದೋರು ಹೇಳ್ತಾರೆ.

ರಸ್ತೆ ಹೋದ್ರೆ ಹೋಗ್ಲಿ, ಫೀಚರ್ ನೋಡ್ರಿ ಫೀಚರು. ಈ ಗಾಡಿಗಳ ಆಲ್ ವೀಲ್ ಡ್ರೈವ್, ಅಂದ್ರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಹೋಗೋ ಮಾಡೆಲ್‌ನಾಗ ಒಂದು ಗುಂಡಿ ಐತೆ, ಅದನ್ನ ತಿರುಗಿಸಿದ್ರೆ ಸ್ನೋ ಮೋಡ್ ಬರ್ತೈತೆ. ಸ್ನೋ! ಬಳ್ಳಾರಿಯಾಗ! ಮಾರ್ಚ್ ತಿಂಗಳು ಕಾಲಿಟ್ರೆ ಟೆಂಪರೇಚರ್ 40ರ ಹತ್ರ ಆಡ್ತೈತೆ, ನಾವು ಹಿಮ ನೋಡಿದ್ದು ಫ್ರಿಜ್ಜಿನ ಮ್ಯಾಲಿನ ಖಾನಿಯಾಗ ಮಾತ್ರ. "ಇದು ಯಾವಾಗ ಬೇಕಾಗ್ತೈತೆ?" ಅಂತ ಶೋರೂಮ್ ಹುಡುಗನ್ನ ಕೇಳಿದೆ. ಪಾಪ ಓದಿದ ಹುಡುಗ, "ಸರ್, ಫ್ಯೂಚರ್ ರೆಡಿ ಸರ್" ಅಂದ. ಷಡ್ಡಕನ ಮಗ ಅದೇ ಬೇಕು ಅಂತ ಕೂತ.

ಸನ್‌ರೂಫ್ ಬಗ್ಗೆ ನಾನು ಹೆಚ್ಚಿಗೆ ಮಾತಾಡಲ್ಲ, ಅದು ಧರ್ಮಸೂಕ್ಷ್ಮದ ವಿಷಯ. ಎಲೆಕ್ಷನ್ ಗೆದ್ದೋರು ಮ್ಯಾಲೆದ್ದು ಕೈ ಮುಗಿಯೋಕೆ, ಮದ್ವಿ ಮೆರವಣಿಗಿಯಾಗ ಹುಡುಗ್ರು ಎದ್ದು ಟವೆಲ್ ತಿರುಗಿಸೋಕೆ ಬಿಟ್ರೆ ಉಳಿದ ವರ್ಷವೆಲ್ಲ ಪರದೆ ಎಳೆದೇ ಇರ್ತೈತೆ, ಆಚೆ ತೆಗೆದ್ರೆ ತಲಿ ಮ್ಯಾಲೆ ಸೂರ್ಯ. ಸೀಟಿನೊಳಗಿಂದ ಗಾಳಿ ಬರೋ ವ್ಯವಸ್ಥಾ ಮಾತ್ರ ಖರೇವಂದ್ರೂ ಈ ಊರಿಗೆ ಬೇಕಾದದ್ದು, ಬೆನ್ನಿಗೆ ಅಂಗಿ ಅಂಟಲ್ಲ, ಅದಕ್ಕೆ ಕೊಟ್ಟ ರೊಕ್ಕ ದಂಡ ಅಲ್ಲ. ಆದ್ರೆ ಅದರ ಸುದ್ದಿ ಯಾರೂ ಎತ್ತಲ್ಲ, ಯಾಕಂದ್ರೆ ಹೊರಗಿಂದ ಕಾಣಲ್ಲ. 360 ಡಿಗ್ರಿ ಕ್ಯಾಮೆರಾನೂ ಐತೆ, ಬ್ರೂಸ್‌ಪೇಟೆ ಸಂದಿಯಾಗ ಸಿಕ್ಕಾಕ್ಕೊಂಡಾಗ ಸುತ್ತ ಎಷ್ಟು ಬೈಕ್ ಅದಾವೆ, ಎಷ್ಟು ಹಂದಿ ಅದಾವೆ ಅಂತ ಮ್ಯಾಲಿಂದ ನೋಡ್ಕೊಂಡು ಕೂರ್ಬೋದು. ಮುಂದಕ್ಕೆ ಹೋಗೋ ದಾರಿ ಅದೂ ತೋರ್ಸಲ್ಲ.

ಮೈಲೇಜು? ಸ್ಟ್ರಾಂಗ್ ಹೈಬ್ರಿಡ್‌ಗೆ ಎರಡು ಕಂಪ್ನಿನೂ ಹೇಳೋದು 27.97, ಪಾಯಿಂಟ್ ಆದ ಮ್ಯಾಲಿನ ಅಂಕಿನೂ ಒಂದೇ, ಕಾಪಿ ಹೊಡೆಯೋ ಹುಡುಗ್ರಾದ್ರೂ ಒಂದಂಕಿ ಹಿಂದೆ ಮುಂದೆ ಬರೀತಿದ್ರು. ಒಂದು ಮಾತು ಒಪ್ಪಬೇಕು ಮತ್ತೆ, ಸ್ಟ್ರಾಂಗ್ ಹೈಬ್ರಿಡ್ ಗಾಡಿ ನಿಂತಲ್ಲಿ ಇಂಜಿನ್ ಬಂದ್ ಮಾಡಿ ಬ್ಯಾಟರಿ ಮ್ಯಾಲೇ ಎಸಿ ಓಡಿಸ್ತೈತೆ. ರೈಲ್ವೆ ಗೇಟ್ ಹಾಕಿ ಒಂದು ಅದಿರಿನ ಗೂಡ್ಸು ಹೋತು, ಹಿಂದೆ ಇನ್ನೊಂದು ಬಂತು ಅಂದ್ರೆ ಇಡೀ ದೇಶದಾಗ ಈ ಟೆಕ್ನಾಲಜಿಯ ಪೂರ್ತಿ ಲಾಭ ತಗಳ್ಳೋ ಜನ ನಾವೇ.

ಇನ್ನು ಕಲರ್ ಚರ್ಚೆ ವಾರಗಟ್ಲೆ ನಡೀತು, ಅದನ್ನ ಬಿಟ್ಟೇ ಬಿಡ್ತೀನಿ. ಸಂಡೂರು ಕಡೆ ಅದಿರು ಲಾರಿ ಹಿಂದೆ ಒಂದು ರೌಂಡ್ ಹೋಗಿ ಬಂದ್ರೆ ಬಿಳೀದೂ ಕೆಂಪೇ, ಕರೀದೂ ಕೆಂಪೇ. ಲೋಗೋ ಯಾವ್ದು ಅಂತ ನೋಡ್ಬೇಕಂದ್ರೂ ಬಟ್ಟಿ ತಗೊಂಡು ಒರೆಸ್ಬೇಕು.

ಕಡೀಗೆ ಏನು ತಗೊಂಡ ಅಂತೀರಾ. ಎದುರು ಮನಿಯೋರು ವಿಟಾರಾ ಸ್ಟ್ರಾಂಗ್ ಹೈಬ್ರಿಡ್ ಬುಕ್ ಮಾಡ್ಯಾರೆ ಅಂತ ಸುದ್ದಿ ಬಂತು, ಮರುದಿನ ಬೆಳಿಗ್ಗೆ ನಮ್ಮ ಷಡ್ಡಕ ಮೈಲ್ಡ್ ಹೈಬ್ರಿಡ್ ಹೈರೈಡರ್‌ಗೆ ಅಡ್ವಾನ್ಸ್ ಕೊಟ್ಟು ಬಂದ. ಅಷ್ಟು ದಿನದ ಮಂಡಾಳು ಒಗ್ಗರಣೆ ಎಲ್ಲಾ ನೀರಾಗ ಹೋಮ. ಈಗ ಟೊಯೋಟಾ ಇಂಜಿನ್ನಿನ ಮಾರುತಿ ಗಾಡಿ ಆ ಕಡೆ, ಸುಜುಕಿ ಇಂಜಿನ್ನಿನ ಟೊಯೋಟಾ ಗಾಡಿ ಈ ಕಡೆ, ಮುಖಾಮುಖಿ ನಿಂತಾವೆ, ಎರಡರ ಟೈರಿಗೂ ಒಂದೇ ದಿನ ಲಿಂಬಿಹಣ್ಣು ಇಟ್ಟು ದುರ್ಗಮ್ಮನ ಗುಡಿಯಾಗ ಪೂಜಿ ಆತು, ಪೂಜಾರಿ ಇಬ್ರಿಗೂ ಒಂದೇ ಮಂತ್ರ ಹೇಳಿದ, ದಕ್ಷಿಣಿ ಮಾತ್ರ ಬೇರೆ ಬೇರೆ ಇಸ್ಕೊಂಡ.

ನಿನ್ನೆ ರಾತ್ರಿ ಫ್ಯಾಮಿಲಿ ಗ್ರೂಪಿಗೆ ಷಡ್ಡಕ ಎರಡು ಫೋಟೋ ಹಾಕ್ಯಾನೆ. ಸೀಟ್ ಕವರಂತೆ. ಒಂದು ಬೀಜ್ ಕಲರು, ಇನ್ನೊಂದು ಕ್ರೀಮ್ ಕಲರು, ರೇಟು ಎರಡಕ್ಕೂ ಒಂದೇ ಅಂತೆ, ಭಾನುವಾರ ಸಂಜೆ ಎಲ್ರೂ ಮನಿಗೆ ಬರ್ರಿ ಅಂತ ಕೆಳಗೆ ಬರ್ದಾನೆ. ಟೇಲರ್ ಟೇಪು ಈ ಸಲ ನನಗೆ ತರೋಕೆ ಹೇಳ್ಯಾನೆ.